ನಾಗವಲ್ಲಿ ಎರಡನೇ ಸಲ ಬಂದಾಗ



ಮೊನ್ನೆ ಭಾನುವಾರ ನಮ್ಮ ಆಲೆಟ್ಟಿಯಲ್ಲಿ ಹಗಲಿಡೀ ಮಳೆ. ತೋಟಕ್ಕೆ ಇಳಿಯುವ ಹಾಗಿಲ್ಲ, ಪೇಟೆಗೆ ಹೋಗುವ ಹಾಗೂ ಇಲ್ಲ. ಊಟ ಮುಗಿಸಿ ಟೀವಿ ಹಾಕಿದರೆ 'ಆಪ್ತರಕ್ಷಕ' ಬರುತ್ತಿತ್ತು. ಸೊಸೆ ಹಲಸಿನ ಹಪ್ಪಳ ಕರಿದು ತಂದಳು. ನೆರೆಯ ಇಬ್ಬರು ಹೆಂಗಸರೂ ಬಂದು ಸೇರಿಕೊಂಡರು. ಅವರಲ್ಲೊಬ್ಬಾಕೆ ಮಾತ್ರ ಹಪ್ಪಳ ಮುಟ್ಟದೆ ಸುಮ್ಮನೆ ಕೂತಿದ್ದಳು. ಯಾಕೆಂದು ಆಮೇಲೆ ಹೇಳುತ್ತೇನೆ.

ಸತ್ತು ನೂರು ವರ್ಷವಾಗಿರಬೇಕಿದ್ದ ರಾಜ ಕೋಟೆಯೊಳಗೆ ಇನ್ನೂ ಬದುಕಿದ್ದಾನೆ ಎಂಬ ಭಾಗ ಬಂತು ನೋಡಿ, ನನ್ನ ಮೊಮ್ಮಗಳು ಗೊಳ್ಳನೆ ನಕ್ಕಳು. "ಅಜ್ಜಿ, ಇವ ಜೋಂಬಿ ಅಲ್ವಾ!" ಅಂದಳು. ಹಾಗೆಂದರೆ ಎಂತ ಮಾರಾಯ್ತಿ ಎಂದು ಕೇಳಿದೆ. ಸತ್ತ ಮೇಲೂ ಎದ್ದು ನಡೆಯುವವರಂತೆ. ಅಮೆರಿಕದಲ್ಲಿ 1968ರಲ್ಲಿ ಜಾರ್ಜ್ ರೊಮೇರೊ ಎಂಬವರು ಅಂಥವರ ಮೇಲೆ ಒಂದು ಕಪ್ಪು ಬಿಳುಪು ಚಿತ್ರ ತೆಗೆದರು. ಖರ್ಚಾದದ್ದು ಸುಮಾರು 1,14,000 ಡಾಲರ್ ಮಾತ್ರ. ಅದು ಗೆದ್ದಿತು. ಹತ್ತು ವರ್ಷ ಬಿಟ್ಟು, 1978ರಲ್ಲಿ ಎರಡನೆಯದನ್ನೂ ತೆಗೆದರು. ದೆವ್ವದ ಚಿತ್ರಕ್ಕೆ ದೊಡ್ಡ ಬಂಡವಾಳ ಬೇಡ, ಒಂದು ಹಳೇ ಮನೆ, ಒಂದು ಮುಚ್ಚಿದ ಬಾಗಿಲು ಸಾಕು. ಉಳಿದದ್ದನ್ನು ನೋಡುವವರ ಹೆದರಿಕೆಯೇ ಒದಗಿಸುತ್ತದೆ.

ನಮ್ಮ ತುಳುನಾಡಿನ ಕಡೆ ಸತ್ತವರು ಇಷ್ಟು ಕೆಟ್ಟವರಲ್ಲ! ಆಟಿ ತಿಂಗಳಲ್ಲಿ ಕುಲೆಗಳಿಗೆಂದು ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ಗಂಡು ಹೆಣ್ಣು ನೋಡಿ ಪ್ರೇತ ಮದುವೆಯನ್ನೂ ಮಾಡಿಸುವುದುಂಟು. ನಮ್ಮ ಹಿರಿಯರು ಬಂದರೆ ಕೇಳುವುದು ಒಂದು ಹಿಡಿ ಅನ್ನ. ಸಿನಿಮಾದವರು ಕೇಳುವುದು ರಕ್ತ. ಇರಲಿ, ವಿಷಯಕ್ಕೆ ಬರುತ್ತೇನೆ.

ಈ ಕಥೆಯ ಬೇರು ಮಲಯಾಳದ್ದು. 1993ರಲ್ಲಿ ಫಾಸಿಲ್ ಅವರು 'ಮಣಿಚಿತ್ರತ್ತಾಳ್' ತೆಗೆದರು. ಅದರಲ್ಲಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕೇರಳದ ಗಡಿ ಹತ್ತಿರವಿರುವ ನಮ್ಮಂಥವರಿಗೆ ಮಲಯಾಳದ ಪಿಕ್ಚರು ಹೊಸತಲ್ಲ. ಆ ಕಥೆ 2004ರ ಆಗಸ್ಟಿನಲ್ಲಿ ಕನ್ನಡಕ್ಕೆ 'ಆಪ್ತಮಿತ್ರ'ವಾಗಿ ಬಂತು. ನಿರ್ದೇಶನ ಪಿ. ವಾಸು, ನಿರ್ಮಾಪಕರು ದ್ವಾರಕೀಶ್, ಡಾಕ್ಟರಾಗಿ ವಿಷ್ಣುವರ್ಧನ್, ಗಂಗೆಯಾಗಿ ಸೌಂದರ್ಯ, ಆಕೆಯ ಗಂಡನಾಗಿ ರಮೇಶ್ ಅರವಿಂದ್.

ಆ ಮೊದಲ ಚಿತ್ರದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಯಾವುದು ಗೊತ್ತೇ? ಮನೆಯಲ್ಲಿ ಏನೋ ಸರಿಯಿಲ್ಲ ಎಂದಾಗ ಎಲ್ಲರ ಕಣ್ಣು ಮೊದಲು ಬೀಳುವುದು ತಪ್ಪೇ ಮಾಡದ ಇನ್ನೊಬ್ಬ ಹುಡುಗಿಯ ಮೇಲೆ. ಆ ಪಾತ್ರ ಪ್ರೇಮಾ ಅವರದು. ನಿಜವಾಗಿ ಕಾಯಿಲೆಯಿದ್ದದ್ದು ನಗುನಗುತ್ತ ಓಡಾಡುವ ಗಂಗೆಗೆ. ಆಕೆಯನ್ನು ಹಿಡಿದದ್ದು ದೆವ್ವವಲ್ಲ, ಮನಸ್ಸಿನ ರೋಗ ಎಂದು ಡಾಕ್ಟರು ಕಂಡುಹಿಡಿಯುತ್ತಾರೆ. ಆಚಾರ್ಯರು ತಮ್ಮ ಮಂಡಲ ಬರೆಯುತ್ತಾರೆ, ಡಾಕ್ಟರು ತಮ್ಮ ಉಪಾಯ ಹೂಡುತ್ತಾರೆ. ಇಬ್ಬರೂ ಸೇರಿ ಒಬ್ಬ ಹೆಣ್ಣನ್ನು ಉಳಿಸುತ್ತಾರೆ. ಗಂಡ ಕೊನೆತನಕ ಕೈಬಿಡುವುದಿಲ್ಲ. ಹೆದರಿಸಲೆಂದೇ ತೆಗೆದ ಚಿತ್ರದಲ್ಲಿ ಇಷ್ಟು ಒಳ್ಳೆಯ ಮಾತು ಇರುವುದು ಅಪರೂಪವಲ್ಲವೇ?

ಆದರೆ ಪಿಕ್ಚರು ತೆರೆಗೆ ಬರುವ ಮೊದಲೇ ಸೌಂದರ್ಯ ಇರಲಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಚಿಕ್ಕ ವಿಮಾನ ಬಿದ್ದು, ಅಣ್ಣನ ಜೊತೆ ಆಕೆಯೂ ತೀರಿಕೊಂಡರು. ಸತ್ತ ಹುಡುಗಿ ಪರದೆಯ ಮೇಲೆ ಕೂದಲು ಬಿಚ್ಚಿ ಕುಣಿಯುವುದನ್ನು ನೋಡಿ ನಾವು ಅತ್ತದ್ದು ಹೆದರಿಕೆಗೋ ದುಃಖಕ್ಕೋ, ಇವತ್ತಿಗೂ ಹೇಳಲಾರೆ.

ಆರು ವರ್ಷದ ಮೇಲೆ ಎರಡನೆಯದು ಬಂತು. ಮತ್ತೆ ವಾಸು ಅವರೇ, ಮತ್ತೆ ವಿಷ್ಣುವರ್ಧನ್. ಅವರ 200ನೇ ಚಿತ್ರವೆಂದು ಹೇಳಿದರು. ಅವರೂ ಅದನ್ನು ಪ್ರೇಕ್ಷಕರ ಜೊತೆ ಕೂತು ನೋಡಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 'ಆಪ್ತರಕ್ಷಕ' ತೆರೆ ಕಂಡದ್ದು 2010ರ ಫೆಬ್ರವರಿ 19ಕ್ಕೆ.

ಇಲ್ಲಿಂದ ನಾವು ಒಂದು ಜೀಪು ಮಾಡಿಕೊಂಡು ಹೋದೆವು. ಟಾಕೀಸಿನ ಎದುರು ಕಾಲಿಡಲಿಕ್ಕೆ ಜಾಗವಿಲ್ಲ. ವಿಷ್ಣುವರ್ಧನ್ ಮುಖ ಪರದೆಯ ಮೇಲೆ ಬಂದದ್ದೇ ತಡ, ಮುಂದಿನ ಸಾಲಿನಿಂದ ಶಿಳ್ಳೆ, ಹಿಂದಿನ ಸಾಲಿನಿಂದ ಬಿಕ್ಕಿ ಬಿಕ್ಕಿ ಅಳು. ಡಾಕ್ಟರೂ ಅವರೇ, ಆ ಕ್ರೂರ ರಾಜನೂ ಅವರೇ. ರಾಜ ಮಾಡಬಾರದ್ದನ್ನು ಮಾಡಿದರೂ ಜನಕ್ಕೆ ಚಪ್ಪಾಳೆಯೇ! ಕಥೆ ಯಾರಿಗೆ ಬೇಕಿತ್ತು ಹೇಳಿ? ಅವರನ್ನು ಇನ್ನೊಂದು ಸಲ ನೋಡಬೇಕಿತ್ತು, ಅಷ್ಟೇ. ಪಿಕ್ಚರು ಭರ್ಜರಿಯಾಗಿ ಓಡಿತು.

ಎರಡನೆಯದು ಮೊದಲಿನಷ್ಟು ಒಳ್ಳೆಯದೇ ಎಂದು ನೀವು ಕೇಳಿದರೆ, ಅಲ್ಲ ಅನ್ನುತ್ತೇನೆ. ವಿಷ್ಣುವರ್ಧನ್ ಅಭಿನಯಕ್ಕೆ ಕೈಮುಗಿಯಬೇಕು, ಗುರುಕಿರಣ್ ಸಂಗೀತವೂ ಚೆನ್ನ. ಆದರೆ ಮೊದಲನೆಯದು ಕಷ್ಟಪಟ್ಟು ಬಿಡಿಸಿದ ಗಂಟನ್ನು ಇದು ಮತ್ತೆ ಕಟ್ಟಿಬಿಟ್ಟಿತು. ನಾಗವಲ್ಲಿಯ ಚಿತ್ರಪಟ ಹೊಕ್ಕ ಮನೆಗೆಲ್ಲ ಕೇಡು, ಮನೆಯ ಹೆಣ್ಣುಮಕ್ಕಳಲ್ಲಿ ಅವಳು ಯಾರನ್ನು ಹಿಡಿದಿದ್ದಾಳೆ ಎಂಬ ಹುಡುಕಾಟ, ಮೇಲಿಂದ ಸಾಯದ ರಾಜ. ಕಾಯಿಲೆ ಯಾವುದು, ದೆವ್ವ ಯಾವುದು ಎಂಬ ಗೆರೆಯೇ ಅಳಿಸಿಹೋಯಿತು.

ಹೊರಗೆ ಇನ್ನೊಂದು ಗುಲ್ಲು ಹಬ್ಬಿತ್ತು. ಸೌಂದರ್ಯ ಹೋದರು, ವಿಷ್ಣು ಹೋದರು, ಇದು ನಾಗವಲ್ಲಿಯದೇ ಕಾಟ! ಓದಿದವರೂ ಹೀಗೆಯೇ ಹೇಳಿದರು. ಒಂದು ಕ್ಷಣ ಯೋಚಿಸಿ ನೋಡಿ. ಇದೇ ಕಥೆ ಮಲಯಾಳದಲ್ಲಿ ಬಂತು, ತಮಿಳಿನಲ್ಲಿ 'ಚಂದ್ರಮುಖಿ'ಯಾಯಿತು, ಹಿಂದಿಯಲ್ಲಿ 'ಭೂಲ್ ಭುಲಯ್ಯಾ' ಆಯಿತು. ಶೋಭನಾ, ಜ್ಯೋತಿಕಾ, ವಿದ್ಯಾ ಬಾಲನ್ ಎಲ್ಲರೂ ಅದೇ ಪಾತ್ರ ಮಾಡಿ ಚೆನ್ನಾಗಿಯೇ ಇದ್ದಾರೆ. ವಾಸು ಅವರಂತೂ 2023ರಲ್ಲಿ ತಮಿಳಿನಲ್ಲಿ 'ಚಂದ್ರಮುಖಿ 2' ಕೂಡ ತೆಗೆದರು. ಜನ ಅದನ್ನು ಅಷ್ಟಾಗಿ ಮೆಚ್ಚಲಿಲ್ಲ, ಅದು ಬೇರೆ ಮಾತು. ವಿಮಾನ ಬಿದ್ದದ್ದು ಅಪಘಾತದಿಂದ, ಹೃದಯ ನಿಂತದ್ದು ಕಾಯಿಲೆಯಿಂದ. ಚಿತ್ರಪಟದ ಹೆಂಗಸಿಗೆ ಇದರಲ್ಲಿ ಯಾವ ಪಾಲೂ ಇಲ್ಲ.

ಗುಲ್ಲಿನಿಂದ ಯಾರಿಗೇನು ನಷ್ಟ ಅನ್ನುತ್ತೀರಾ? ಆ ಹಪ್ಪಳ ಮುಟ್ಟದೆ ಕೂತ ಹೆಂಗಸಿನ ಕಥೆ ಈಗ ಹೇಳುತ್ತೇನೆ. ಹೆಸರು ಬೇಡ, ವಿಷಯ ಬರೆಯಿರಿ ಎಂದು ಅವಳೇ ಹೇಳಿದ್ದಾಳೆ.

2010ರಲ್ಲಿ, ನಾವು ಪಿಕ್ಚರು ನೋಡಿ ಬಂದು ಎರಡು ತಿಂಗಳಾಗಿತ್ತು. ಅವಳಿಗೆ ಚೊಚ್ಚಲ ಹೆರಿಗೆ, ಹೆಣ್ಣು ಮಗು. ಆರನೇ ದಿನದಿಂದ ಅವಳಿಗೆ ನಿದ್ದೆಯೇ ಇಲ್ಲ. ಒಬ್ಬಳೇ ಮಾತಾಡುವುದು, ರಾತ್ರಿ ಎದ್ದು ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ನಡೆಯುವುದು, ಮಗು ನನ್ನದಲ್ಲ ಅನ್ನುವುದು. ಬಾಣಂತಿಗೆ ಮದ್ದು ಕಾಯಿಸುತ್ತಿದ್ದ ಅತ್ತೆ ದಿಕ್ಕುಗೆಟ್ಟರು. ನೆರೆಯ ಹುಡುಗರು 'ನಾಗವಲ್ಲಿ ಬಂದಳು' ಎಂದು ಹೆಸರಿಟ್ಟರು. ಆ ಮಾತು ಕೇಳಿ ನಾನೂ ನಕ್ಕೆ, ಸೋದರಿಯರೇ. ಅದನ್ನು ಮುಚ್ಚಿಡುವುದಿಲ್ಲ.

ತಾಯಿತ ಕಟ್ಟಿಸಿದರು, ನೂಲು ಕಟ್ಟಿಸಿದರು. ಹದಿನೈದು ದಿನ ಹೀಗೇ ಕಳೆಯಿತು. ಒಂದು ದಿನ ಮುಂಜಾನೆ ಅವಳು ಬಾವಿಕಟ್ಟೆಯ ಹತ್ತಿರ ನಿಂತದ್ದನ್ನು ಅವಳ ಮಾವ ಕಂಡರು. ಕೈಹಿಡಿದು ಒಳಗೆ ಕರಕೊಂಡು ಬಂದವರೇ, "ದೈವಕ್ಕೆ ಹೇಳಿಕೊಂಡದ್ದು ಹೇಳಿಕೊಂಡಾಯ್ತು, ಇನ್ನು ಡಾಕ್ಟರಿಗೂ ತೋರಿಸುವ" ಅಂದರು. ಅಂದೇ ಮಂಗಳೂರಿಗೆ ಹೋದರು. ಹೆರಿಗೆಯ ನಂತರ ಬರುವ ಕಾಯಿಲೆ, ವಾಸಿಯಾಗುತ್ತದೆ ಅಂದರು ಡಾಕ್ಟರು. ಮದ್ದು ಶುರುವಾಗಿ ಮೂರು ತಿಂಗಳಲ್ಲಿ ಹುಡುಗಿ ಮೊದಲಿನ ಹಾಗಾದಳು. ಆ ಮಗು ಈಗ ಕಾಲೇಜಿಗೆ ಹೋಗುತ್ತದೆ.

ಈ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದೊಳಗೇ ಕಾಣಿಸಿಕೊಳ್ಳುತ್ತದೆ. ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿರುವುದು, ಇಲ್ಲದ ಸ್ವರ ಕೇಳುವುದು, ಎಲ್ಲರ ಮೇಲೂ ಸಂಶಯ, ವಿಪರೀತ ಮಾತು ಅಥವಾ ವಿಪರೀತ ಮೌನ, ತನಗೋ ಮಗುವಿಗೋ ಕೇಡು ಮಾಡಿಕೊಳ್ಳುವ ಮಾತು, ಇವು ಕಂಡರೆ ಒಂದು ದಿನವೂ ಕಾಯಬೇಡಿ. ತಾಯಿ ಮಗುವನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಯಾರಲ್ಲಿ ಕೇಳುವುದು ಎಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದೇವರಿಗೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಿ, ಬೇಡವೆನ್ನಲು ನಾನು ಯಾರು? ಆದರೆ ಹರಕೆ ಹೇಳಿಕೊಂಡು ಮನೆಯಲ್ಲೇ ಕೂರಬೇಡಿ.

ಪಿಕ್ಚರು ಮುಗಿಯಿತು. ಮಳೆ ಸ್ವಲ್ಪ ಬಿಟ್ಟಿತ್ತು. ಅವಳು ಕೊಡೆ ಬಿಡಿಸುತ್ತ ಅಂದಳು, "ಅಕ್ಕಾ, ಇದಕ್ಕಿಂತ ಮೊದಲನೆಯದೇ ಒಳ್ಳೆದು. ಅದರಲ್ಲಿ ಅವಳನ್ನು ಗುಣ ಮಾಡಿ ಮನೆಗೆ ಕರಕೊಂಡು ಹೋಗ್ತಾರಲ್ಲಾ."

ಇಷ್ಟುದ್ದ ಬರೆದ ನನ್ನ ವಿಮರ್ಶೆಗಿಂತ ಅವಳ ಆ ಒಂದು ಮಾತು ಮೇಲು. ಹೆದರಿಸುವ ಪಿಕ್ಚರು ಬೇಕಾದರೆ ನೋಡುವ, ಕಿರುಚುವ, ನಗುವ. ಆದರೆ ಪರದೆಯ ಮೇಲಿನ ಹೆಸರನ್ನು ತಂದು ಯಾರ ಮನೆಯ ಹೆಣ್ಣುಮಗಳಿಗೂ ಇಡುವುದು ಬೇಡ. ನಿಮ್ಮ ನೆರೆಕರೆಯಲ್ಲಿ ಹೀಗೊಂದು ಹೆಸರು ಹೊತ್ತವಳು ಇದ್ದರೆ ನಾಳೆಯೇ ಹೋಗಿ ಮಾತಾಡಿಸಿ ಬನ್ನಿ. ಕೈಯಲ್ಲಿ ನಾಲ್ಕು ಹಪ್ಪಳವಿದ್ದರೆ ಇನ್ನೂ ಒಳ್ಳೆಯದು!