ಮುದ್ದೆಗೆ ತಕ್ಕ ಸಾರು

ಕೋಲಾರದಿಂದ ಮುಳಬಾಗಿಲಿನತ್ತ ಹೋಗುವ ಹೆದ್ದಾರಿಯ ಡಾಬಾಗಳಲ್ಲಿ ಗ್ರೇವಿಯ ಬುನಾದಿ ಸಾಮಾನ್ಯವಾಗಿ ಒಂದೇ: ಈರುಳ್ಳಿ, ಟೊಮೆಟೊ, ಗೋಡಂಬಿ ರುಬ್ಬಿ ಎಣ್ಣೆಯಲ್ಲಿ ಬಾಡಿಸಿದ ಮಸಾಲೆ. ಪನೀರ್ ಬಿದ್ದರೆ ಒಂದು ಹೆಸರು, ಬಟಾಣಿ ಬಿದ್ದರೆ ಇನ್ನೊಂದು. ಈ ಮಂದವಾದ ಗ್ರೇವಿ ಹುಟ್ಟಿದ್ದು ರೊಟ್ಟಿಗಾಗಿ. ತುಂಡು ರೊಟ್ಟಿ ಅದನ್ನು ಎತ್ತಿಕೊಳ್ಳಬೇಕು, ಅದು ಕೆಳಗೆ ಸುರಿಯಬಾರದು. ನಮ್ಮ ಊಟದ ಮುದ್ದೆಯೋ ಅಗಿಯುವುದಲ್ಲ, ನುಂಗುವುದು. ಅದಕ್ಕೆ ಬೇಕಾದದ್ದು ತುತ್ತಿಗೆ ಅಂಟಿಕೊಂಡು ಗಂಟಲಲ್ಲಿ ಜಾರುವ ಸಾರು. ಮುದ್ದೆಯ ಜೊತೆ ಗ್ರೇವಿ ಬಡಿಸುವುದನ್ನು ರುಚಿಯ ಬದಲಾವಣೆಯೆಂದು ಬಿಟ್ಟುಬಿಡಲಾಗದು, ಹದವೇ ತಪ್ಪುತ್ತದೆ.

ಈ ಹದವನ್ನು ನಮ್ಮ ಅಡುಗೆ ಗೋಡಂಬಿ, ಕೆನೆಗಳಿಂದ ತಂದುಕೊಂಡಿಲ್ಲ. ಬಸ್ಸಾರಿನಲ್ಲಿ ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಾರೆ. ಒಂದು ಹಿಡಿ ಬೆಂದ ಕಾಳನ್ನು ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಹುಣಸೆಯೊಡನೆ ರುಬ್ಬಿ ಕಟ್ಟಿಗೆ ಸೇರಿಸಿದಾಗ ಸಾರು ತಾನಾಗಿಯೇ ಮಂದವಾಗುತ್ತದೆ. ಮಿಕ್ಕ ಕಾಳು, ಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಬೇಯುವಾಗ ನೀರಿಗಿಳಿಯುವ ಸತ್ವವೂ ಚರಂಡಿಗೆ ಹೋಗದೆ ಊಟಕ್ಕೇ ಬರುತ್ತದೆ. ಮಸ್ಸೊಪ್ಪಿನಲ್ಲಿ ಬೇಳೆ, ಸೊಪ್ಪು ಮಸೆದೇ ಮಂದ ಬರುತ್ತದೆ; ಚಳಿಗಾಲದ ಹಿತಕಿದ ಅವರೆಯ ಸಾರಿಗೆ ಕಾಳಿನ ಸೊಗಡೇ ಜೀವ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಮಳೆ ನಂಬಿದ ಸೀಮೆಗೆ ಬೇಯಿಸಿದ ನೀರನ್ನೂ ಚೆಲ್ಲದ ಅಡುಗೆ ಸಹಜವಾಗಿ ಒದಗಿಬಂದಿದೆ. ಹೊಲದ ಬದುವಿನಲ್ಲಿ ಬಿತ್ತದೆ ಬೆಳೆಯುವ ಅಣ್ಣೆ, ಹೊನಗನ್ನೆಯಂಥ ಸೊಪ್ಪಿಗೆ ಬೆರಕೆ ಸೊಪ್ಪಿನ ಸಾರಿನಲ್ಲಿ ಜಾಗವಿದೆ. ಡಾಬಾದ ಗ್ರೇವಿಯಲ್ಲಿ ಇಲ್ಲ.

ಟೊಮೆಟೊ ಕೋಲಾರದ ಬದುಕು, ಅದನ್ನು ಬಯಸುವ ಗ್ರೇವಿಯನ್ನು ಬೈಯುವುದು ರೈತನಿಗೆ ದ್ರೋಹವಲ್ಲವೇ ಎಂದು ಕೇಳಬಹುದು. ಮಸ್ಸೊಪ್ಪಿಗೂ ಟೊಮೆಟೊ ಬೀಳುತ್ತದೆ. ಆದರೆ ಅದು ದುಬಾರಿಯಾದರೆ ಹುಣಸೆ, ಮಾವಿನಕಾಯಿ ಆ ಹುಳಿಯನ್ನು ಕೊಡುತ್ತವೆ, ಶ್ರೀನಿವಾಸಪುರವಂತೂ ಮಾವಿನ ಊರೇ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದಾಗ ಕಂಗೆಟ್ಟಿದ್ದು ಟೊಮೆಟೊವೊಂದನ್ನೇ ನೆಚ್ಚಿದ ಅಡುಗೆ. ಬಸ್ಸಾರಿಗೆ ಹೊತ್ತು ಹಿಡಿಯುತ್ತದೆ, ಹೋಟೆಲಿಗೆ ಒಗ್ಗದು ಎಂಬ ಮಾತೂ ಉಂಟು. ಆದರೆ ಬೆಳಿಗ್ಗೆ ಒಂದೇ ಪಾತ್ರೆಯಲ್ಲಿ ಬೆಂದದ್ದರಿಂದ ಸಾರು, ಪಲ್ಯ ಎರಡೂ ಸಿದ್ಧವಾಗುವಾಗ ದುಡಿಮೆ ವ್ಯರ್ಥವಾಗುವುದಿಲ್ಲ. ಮಕ್ಕಳು ಗ್ರೇವಿಯನ್ನೇ ಕೇಳುತ್ತಾರೆ ಎನ್ನುವುದೂ ನಿಜ. ಆದರೆ ನಾಲಿಗೆ ಕಲಿಯುವುದು ತಟ್ಟೆಗೆ ಬಿದ್ದದ್ದರಿಂದ.

ಆದ್ದರಿಂದ ಗ್ರೇವಿಯನ್ನು ಓಡಿಸಬೇಕೆಂಬುದು ನನ್ನ ವಾದವಲ್ಲ, ರೊಟ್ಟಿಗೆ ಅದು ಇರಲಿ. ಮಾಲೂರಿನ ಹಾಸ್ಟೆಲುಗಳಲ್ಲಿ, ಶಾಲೆಗಳ ಬಿಸಿಯೂಟದಲ್ಲಿ, ಮುದ್ದೆ ಮಾಡುವ ಎಲ್ಲ ಹೋಟೆಲುಗಳಲ್ಲಿ ವಾರಕ್ಕೆ ಒಂದು ದಿನವಾದರೂ ಬಸ್ಸಾರು ಇಲ್ಲವೇ ಮಸ್ಸೊಪ್ಪು ಬಡಿಸಲಿ. ಬಡಿಸುವುದು ನಿಂತರೆ ಸೊಪ್ಪಿನ ಹೆಸರು ಮರೆಯುತ್ತದೆ. ಹೆಸರು ಮರೆತ ಸೊಪ್ಪು ಹೊಲದಲ್ಲಿ ಬರೀ ಕಳೆಯಾಗುತ್ತದೆ.