ಅಜ್ಜಿಯ ಕಾಕಡ, ನಮ್ಮ ಥರ್ಮಾಕೋಲ್

ಹೋದ ಸೆಮ್‌ನಲ್ಲಿ ಕ್ಲಾಸ್‌ಮೇಟ್ ಒಬ್ಬನ ಅಜ್ಜಿ ತೀರಿಕೊಂಡರು. ನಂಜನಗೂಡಿನ ಹತ್ತಿರದ ಹಳ್ಳಿ. ನಾವು ಎಂಟು ಜನ ದುಡ್ಡು ಹಾಕಿ, ಮೈಸೂರಲ್ಲಿ ದೊಡ್ಡ ಪುಷ್ಪಚಕ್ರ ಮಾಡಿಸಿಕೊಂಡು ಬಸ್ ಹತ್ತಿದೆವು. ಥರ್ಮಾಕೋಲ್ ಬಳೆ, ಸುತ್ತ ಜರ್ಬೆರಾ, ಅಡ್ಡಕ್ಕೆ ನಮ್ಮ ಬ್ರಾಂಚು, ಸೆಕ್ಷನ್ ಬರೆದ ನೇರಳೆ ರಿಬ್ಬನ್. ಅಜ್ಜಿಗೆ ನಮ್ಮ ಸೆಕ್ಷನ್ ಕಟ್ಟಿಕೊಂಡು ಏನಾಗಬೇಕಿತ್ತೋ!

ಅಲ್ಲಿ ಜಗಲಿ ಮೇಲೆ ಹೆಂಗಸರು ಬಾಳೆ ನಾರಲ್ಲಿ ಕಾಕಡ, ತುಳಸಿ ಸೇರಿಸಿ ಕಟ್ಟುತ್ತಿದ್ದರು. ಹೂವು ಅಜ್ಜಿಯ ಹಿತ್ತಲದ್ದೇ. ಅದನ್ನೇ ಮಾರಿ ಅವರು ಮಕ್ಕಳನ್ನ ಸಾಕಿದ್ದು. "ಅಪ್ಪ ಹೋದ ಮೇಲೆ ಅವ್ವ ಒಂದು ಹೂ ಮುಡೀಲಿಲ್ಲ ಕಣ್ರಪ್ಪ, ಮಾರಿದ್ದೇ ಮಾರಿದ್ದು. ಇವತ್ತಾದ್ರೂ ಹಾಕ್ತೀವಿ" ಅಂದರು ಗೆಳೆಯನ ದೊಡ್ಡಮ್ಮ. (ಆ ಪದ್ಧತಿ ಬಗ್ಗೆ ಬೇರೆ ಲೇಖನವೇ ಬರೀಬೇಕು.) ನಮ್ಮ ಚಕ್ರವನ್ನ ಎಲ್ಲಿಡೋದು ಅಂತ ಯಾರಿಗೂ ತಿಳೀದೆ ಗೋಡೆಗೆ ಒರಗಿಸಿದರು.

ಕಪಿಲಾ ದಡದಲ್ಲಿ ಸುಟ್ಟರು. ಮೂರನೇ ದಿನ ಅಸ್ಥಿ ಆಯೋಕೆ ನಮ್ಮಲ್ಲಿ ಇಬ್ಬರು ಜೊತೆಗೆ ಹೋಗಿದ್ದೆವು. ಕಾಕಡ ಎಲ್ಲಿತ್ತು ಅಂತಲೇ ಗೊತ್ತಾಗಲಿಲ್ಲ. ನಮ್ಮ ಜರ್ಬೆರಾ ಕಪ್ಪಾಗಿ ಒಂದು ಕಡೆ ಬಿದ್ದಿತ್ತು, ಥರ್ಮಾಕೋಲ್ ಬಳೆ ಮಾತ್ರ ಬೆಳ್ಳಗೆ. ಗೆಳೆಯ ಏನೂ ಹೇಳದೆ ಅದನ್ನ ಎತ್ತಿ ಚೀಲಕ್ಕೆ ಹಾಕಿಕೊಂಡ. ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದ ತಿ. ನರಸೀಪುರದ ಸಂಗಮ. ನಂಜನಗೂಡಲ್ಲಿ ನೀರಿಗೆ ಬಿಟ್ಟದ್ದನ್ನ ಕಪಿಲೆ ತರೋದು ಇಲ್ಲಿಗೇ, ಕಾವೇರಿಯನ್ನ ಸೇರೋದೂ ಇಲ್ಲೇ. ಮೂರನೆಯದಾಗಿ ಸ್ಫಟಿಕ ಸರೋವರ ಕಣ್ಣಿಗೆ ಕಾಣದೆ ಸೇರುತ್ತೆ ಅಂತಾರೆ. ನಮ್ಮ ಕಣ್ಣಿಗೆ ಕಂಡದ್ದು ಮೆಟ್ಟಿಲ ಸಂದಿಯಲ್ಲಿ ಸಿಕ್ಕಿಕೊಂಡ ಕವರ್ರು, ಪ್ಲಾಸ್ಟಿಕ್ ಹಾರ.

ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ನಾವು ಕೇಳಿದ ತಕ್ಷಣ ಸಿಕ್ಕಿತು, ಅದು ಬೇರೆ ಮಾತು. ಬೊಕೆಗಳಲ್ಲಿ ಹೂ ಚುಚ್ಚೋ ಹಸಿರು ಫೋಮ್ ಕೂಡ ಫೀನಾಲ್-ಫಾರ್ಮಾಲ್ಡಿಹೈಡ್, ಕೆಮಿಸ್ಟ್ರಿಯಲ್ಲಿ ಓದಿದ ಬೇಕಲೈಟಿನ ನೆಂಟ. ಪುಡಿಯಾಗುತ್ತೆ, ಕೊಳೆಯಲ್ಲ. ಆಕಾರ ನಿಲ್ಲಬೇಕು ಅಂದರೆ ಬಾಳೆ ದಿಂಡು, ಬಿದಿರು, ತೆಂಗಿನ ಗರಿ ಇವೆಯಲ್ಲ? ಮಂಟಪಕ್ಕೂ ಚಟ್ಟಕ್ಕೂ ನಮ್ಮೂರುಗಳಲ್ಲಿ ಇವನ್ನೇ ಬಳಸೋದು.

ಹಾಗಾಗಿ ನಮ್ಮ ಅಭಿಪ್ರಾಯ: ಸಾವಿನ ಮನೆಗೆ ಹೊರಡೋ ಮೊದಲು ಒಂದು ಫೋನ್ ಮಾಡಿ, ಅವರಿಗೆ ಯಾವ ಹೂವು ಇಷ್ಟ ಇತ್ತು ಅಂತ ಕೇಳಿ. ಗೊತ್ತಿಲ್ಲ ಅಂದರೆ ಸೇವಂತಿಗೆ. ನಾರಲ್ಲಿ ಕಟ್ಟಿದ್ದು ಎರಡು ಮಾರು ಸಾಕು. ಹೆಸರು ಬರೆಸಬೇಡಿ. ಮಿಕ್ಕ ದುಡ್ಡು ಆ ಮನೆಯ ಖರ್ಚಿಗಾಗಲಿ. ಸೀನಿಯರ್‌ಗಳ ಬೀಳ್ಕೊಡುಗೆಗೂ ಅಷ್ಟೇ. ಹೋದ ವರ್ಷ ಕೊಟ್ಟ ಬೊಕೆಗಳೆಲ್ಲ ಪ್ಲಾಸ್ಟಿಕ್ ಹಾಳೆ ಸಮೇತ ಮಾರನೇ ದಿನ ಆಡಿಟೋರಿಯಂ ಹಿಂದೆ ಬಿದ್ದಿದ್ದನ್ನ ಎಲ್ಲರೂ ನೋಡಿದ್ದೀವಿ. ಈ ಸಲ ಕೈಗೊಂದು ಮೊಳ ಮಲ್ಲಿಗೆ ಕೊಡೋಣ, ಹುಡುಗರಿಗೂ.

ನಮ್ಮಲ್ಲಿ ಮೂವರು ಈಗ ಹೂ ಕಟ್ಟೋದು ಕಲೀತಾ ಇದ್ದೀವಿ. ಬಿಗಿದರೆ ತೊಟ್ಟು ಮುರಿಯುತ್ತೆ, ಸಡಿಲ ಬಿಟ್ಟರೆ ಹೂವು ಉದುರುತ್ತೆ. ಇನ್ನೂ ಒಂದು ಮೊಳ ದಾಟಿಲ್ಲ.