ಹಬ್ಬದ ಹೊಣೆಯೂ ಹಕ್ಕೂ ಮರುಹಂಚಿಕೆಯಾಗಲಿ

ಹಬ್ಬಗಳಿಗೆ ಮೊದಲಿನ ಕಳೆ ಇಲ್ಲ ಎಂಬ ದೂರು ಶ್ರಾವಣದಿಂದ ದೀಪಾವಳಿವರೆಗೂ ಕೇಳಿಬರುತ್ತದೆ. ತಪ್ಪನ್ನು ಎಳೆಯರ ಉದಾಸೀನದ ಮೇಲೋ ಮೊಬೈಲ್ ಮೇಲೋ ಅಂಗಡಿಯಲ್ಲಿ ಸಿಗುವ ಹೋಳಿಗೆಯ ಮೇಲೋ ಹೊರಿಸಿ ಸುಮ್ಮನಾಗುತ್ತೇವೆ. ಆದರೆ ಈ ಆಚರಣೆಗಳು ರೂಪುಗೊಂಡದ್ದು ಅಜ್ಜಿ, ಅತ್ತೆ, ಓರಗಿತ್ತಿ, ನಾದಿನಿಯರಿದ್ದ ದೊಡ್ಡ ಮನೆಗಳಲ್ಲಿ. ಆ ಮನೆಗಳೇ ಈಗ ವಿರಳ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಒಂದೇ ಮಗುವಿನ ಮನೆ, ಗಂಡು ಮಕ್ಕಳಿಲ್ಲದ ಮನೆ, ವೃದ್ಧ ದಂಪತಿ ಮಾತ್ರ ಇರುವ ಮನೆ, ತಾಯಿಯೊಬ್ಬಳೇ ನಡೆಸುವ ಮನೆ ಇಂದು ಅಪವಾದಗಳಲ್ಲ. ಇಂಥ ಮನೆಗಳಲ್ಲಿ ಹಬ್ಬ ಈಗಾಗಲೇ ಬದಲಾಗಿದೆ. ಆದರೆ ಬದಲಾದದ್ದು ಅಡುಗೆಯ ಪಟ್ಟಿ ಮತ್ತು ಪೂಜೆಗೆ ಹಿಡಿಯುವ ಸಮಯ. ಯಾರು ದುಡಿಯಬೇಕು, ಯಾರಿಗೆ ಭಾಗವಹಿಸುವ ಅರ್ಹತೆಯಿದೆ ಎಂಬ ಕಟ್ಟಳೆಗಳು ಹಾಗೇ ಉಳಿದಿವೆ. ಹಬ್ಬ ಸೊರಗುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಸಂಪ್ರದಾಯವನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ತಿದ್ದಬಹುದೇ ಎಂಬ ಪ್ರಶ್ನೆ ಸಹಜ. ಆದರೆ ಸಂಪ್ರದಾಯ ಎಂದೂ ಒಂದೇ ಅಚ್ಚಿನಲ್ಲಿ ಇರಲಿಲ್ಲ. ರಾಜ್ಯದ ಬಹುಭಾಗಕ್ಕೆ ಚಾಂದ್ರಮಾನ ಯುಗಾದಿಯೇ ಹೊಸ ವರ್ಷವಾದರೆ, ತುಳುನಾಡಿಗೆ ಬಿಸು. ಮದುವೆಯಾದ ಹೆಣ್ಣುಮಕ್ಕಳನ್ನು ಉತ್ತರ ಕರ್ನಾಟಕದಲ್ಲಿ ತವರು ನೆನೆಯುವುದು ನಾಗರಪಂಚಮಿಗೆ, ಹಳೇ ಮೈಸೂರು ಸೀಮೆಯಲ್ಲಿ ಗೌರಿ ಹಬ್ಬಕ್ಕೆ. ದೇಶಾಚಾರ, ಕುಲಾಚಾರ ಎಂದು ಧರ್ಮಶಾಸ್ತ್ರವೇ ಈ ವೈವಿಧ್ಯಕ್ಕೆ ಮನ್ನಣೆ ಕೊಟ್ಟಿದೆ. ಇನ್ನೂ ದೊಡ್ಡ ನಿದರ್ಶನ ಮೈಸೂರು ದಸರಾ. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಆ ಉತ್ಸವದ ಕೇಂದ್ರದಲ್ಲಿ ಇದ್ದವನು ದೊರೆ. ರಾಜಪ್ರಭುತ್ವ ಮುಗಿದು, ರಾಜಧನವೂ ರದ್ದಾದ ಕಾಲಘಟ್ಟದಲ್ಲಿ ಚಿನ್ನದ ಅಂಬಾರಿಯಲ್ಲಿ ದೊರೆಯ ಜಾಗಕ್ಕೆ ಚಾಮುಂಡೇಶ್ವರಿಯ ಮೂರ್ತಿ ಬಂತು. ಉತ್ಸವದ ನಡುನಾಯಕನೇ ಬದಲಾದರೂ ದಸರಾ ನಿಲ್ಲಲಿಲ್ಲ. ನಾಡಹಬ್ಬವಾಗಿ ಇನ್ನಷ್ಟು ಜನರದ್ದಾಯಿತು. ಅರಮನೆಯ ಹಬ್ಬಕ್ಕೆ ಸಾಧ್ಯವಾದದ್ದು ಮನೆಯ ಹಬ್ಬಕ್ಕೆ ಅಸಾಧ್ಯವಲ್ಲ.

ಮೊದಲು ಬದಲಾಗಬೇಕಾದದ್ದು ದುಡಿಮೆಯ ಹಂಚಿಕೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ, ಪುರುಷರು 88 ನಿಮಿಷ. ಇದು ಮಾಮೂಲಿ ದಿನಗಳ ಲೆಕ್ಕ. ಹಬ್ಬ ಬಂದರೆ ಮನೆ ತೊಳೆಯುವುದು, ದೇವರ ಪಾತ್ರೆ ಬೆಳಗುವುದು, ಮಡಿಯಲ್ಲಿ ಎಡೆಯ ಅಡುಗೆ ಎಲ್ಲವೂ ಇದರ ಮೇಲೆ ಸೇರುತ್ತವೆ. ಹಿಂದೆ ನಾಲ್ಕಾರು ಹೆಂಗಸರು ಹಂಚಿಕೊಳ್ಳುತ್ತಿದ್ದ ಈ ಹೊರೆ ಈಗ ಕಚೇರಿಗೂ ಹೋಗಿಬರುವ ಒಬ್ಬಳ ಪಾಲಿಗೆ ಬಿದ್ದಿದೆ. ಹೆಂಗಸರು ಇದನ್ನು ಸಂತೋಷದಿಂದಲೇ ಮಾಡುತ್ತಾರೆ ಎನ್ನುವವರಿದ್ದಾರೆ. ಸಂತೋಷ ನಿಜವಿರಬಹುದು, ಆದರೆ ಬೇಡವೆನ್ನುವ ಅವಕಾಶವೇ ಇಲ್ಲದ ಕಡೆ ಅದನ್ನು ಒಪ್ಪಿಗೆ ಎಂದು ಎಣಿಸಲಾಗದು. ಹೋಳಿಗೆಯನ್ನು ಹೊರಗಿನಿಂದ ತರಿಸಿದರೆ ಶ್ರಮ ಕೊಂಚ ತಗ್ಗುತ್ತದೆ, ಜವಾಬ್ದಾರಿ ತಗ್ಗುವುದಿಲ್ಲ. ಅಡುಗೆಮನೆ ಗಂಡಸರದಲ್ಲ ಎಂಬ ಮಾತಿಗೆ ಸಂಪ್ರದಾಯದ ಬೆಂಬಲವೂ ಇಲ್ಲ: ಮಠ, ದೇವಸ್ಥಾನ, ಮದುವೆಗಳಲ್ಲಿ ಸಾವಿರಾರು ಜನರಿಗೆ ಮಡಿಯಲ್ಲಿ ಅಡುಗೆ ಮಾಡುತ್ತ ಬಂದವರು ಬಹುಪಾಲು ಗಂಡಸರೇ. ಅಲ್ಲಿ ಸಲ್ಲುವ ಶುಚಿ ಮನೆಯಲ್ಲೂ ಸಲ್ಲುತ್ತದೆ.

ಎರಡನೆಯದು ಮಗಳ ಸ್ಥಾನ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ನೀಡಿ ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆಸ್ತಿಯಲ್ಲಿ ಸಮಪಾಲು ಪಡೆದ ಮಗಳು ಹಬ್ಬದಲ್ಲಿ ಮಾತ್ರ ತವರಿಗೆ ಅತಿಥಿ. ಪಂಚಮಿಗೆ ಕರೆಯಲು ಅಣ್ಣನೇ ಬರಬೇಕು, ಗೌರಿಯ ಬಾಗಿನ ಅಣ್ಣ-ತಮ್ಮಂದಿರ ಕೈಯಿಂದಲೇ ಬರಬೇಕು ಎಂದು ಪಟ್ಟು ಹಿಡಿದರೆ ಸೋದರರಿಲ್ಲದ ಹೆಣ್ಣುಮಕ್ಕಳ ಗತಿಯೇನು? ಮೊರದ ಬಾಗಿನದ ತಿರುಳು ತವರು ನಿನ್ನನ್ನು ಮರೆತಿಲ್ಲ ಎಂಬ ಭರವಸೆ. ಅದನ್ನು ಅಕ್ಕ ತಂಗಿಗೆ ಕೊಡಬಹುದು, ಮಗಳು ಒಬ್ಬಂಟಿ ತಾಯಿಗೂ ಕೊಡಬಹುದು. ಒಬ್ಬಳೇ ಮಗಳ ಹೆತ್ತವರು ಪ್ರತಿ ದೀಪಾವಳಿಯನ್ನೂ ಇಬ್ಬರೇ ಕಳೆಯಬೇಕಿಲ್ಲ. ನರಕ ಚತುರ್ದಶಿಯಿಂದ ಬಲಿಪಾಡ್ಯಮಿವರೆಗಿನ ದಿನಗಳನ್ನು ಎರಡೂ ಮನೆಗಳಿಗೆ ಹಂಚುವುದಕ್ಕೆ, ಇಲ್ಲವೇ ವರ್ಷ ಬಿಟ್ಟು ವರ್ಷ ಸರದಿ ಇಟ್ಟುಕೊಳ್ಳುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಮೂರನೆಯದು ಅತ್ಯಂತ ನೋವಿನದು. ವರಮಹಾಲಕ್ಷ್ಮಿ ವ್ರತ, ಗೌರಿ ಹಬ್ಬಗಳು ಮುತ್ತೈದೆಯರ ಸುತ್ತ ಹೆಣೆದುಕೊಂಡಿವೆ. ಮಕ್ಕಳನ್ನು ಸಾಕಿ ಬೆಳೆಸಿದ ತಾಯಿ ಗಂಡನನ್ನು ಕಳೆದುಕೊಂಡ ತಕ್ಷಣ ಅದೇ ಮನೆಯ ಅರಿಶಿನ-ಕುಂಕುಮದಿಂದ ಬದಿಗೆ ಸರಿಯಬೇಕಾಗುತ್ತದೆ. ದುಃಖದಲ್ಲಿರುವವರನ್ನು ಶುಭದಿಂದ ದೂರವಿಡುವ ಕಟ್ಟಳೆಗೆ ಯಾವ ಸಮರ್ಥನೆಯೂ ಇಲ್ಲ. ಇದನ್ನು ಮುರಿದವರೂ ಇದ್ದಾರೆ. ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿತು. ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರಲ್ಲಿ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಗಳನ್ನು ನಿಲ್ಲಿಸಲು ನಿರ್ಣಯ ಮಾಡಿತು. ದೇವರ ಗರ್ಭಗುಡಿಗೂ ಊರಿನ ಪಂಚಾಯಿತಿಗೂ ಆದದ್ದು ಮನೆಯ ಹಜಾರದಲ್ಲಿ ಏಕೆ ಆಗಬಾರದು?

ಪ್ರತಿ ಮನೆಯೂ ತನಗೆ ತೋಚಿದಂತೆ ತಿದ್ದುತ್ತ ಹೋದರೆ ಸಮಾನವಾದದ್ದು ಏನು ಉಳಿದೀತು ಎಂಬ ಆತಂಕದಲ್ಲಿ ಹುರುಳಿದೆ. ಆದ್ದರಿಂದಲೇ ಬದಲಾವಣೆಗೆ ಒಂದು ಅಳತೆಗೋಲು ಬೇಕು: ಅದರಿಂದ ಹಬ್ಬದೊಳಕ್ಕೆ ಬರುವವರು ಹೆಚ್ಚುತ್ತಾರೆಯೇ, ಕಡಿಮೆಯಾಗುತ್ತಾರೆಯೇ? ವಿದೇಶದ ಕನ್ನಡ ಸಂಘಗಳು ಯುಗಾದಿಯನ್ನು ವಾರಾಂತ್ಯಕ್ಕೆ ಸರಿಸುತ್ತವೆ. ತಿಥಿ ತಪ್ಪಿದರೂ ಬೇವು-ಬೆಲ್ಲ ಮಕ್ಕಳ ಕೈಸೇರುತ್ತದೆ, ಆದ್ದರಿಂದ ಅದು ಒಳ್ಳೆಯ ಬದಲಾವಣೆ. ಬೇಸರವೆಂದು ಬೇವು-ಬೆಲ್ಲವನ್ನೇ ಕೈಬಿಡುವುದು ಅಂಥದ್ದಲ್ಲ. ಹಿರಿಯರ ಮೇಲೆ ತೀರ್ಮಾನ ಹೇರುವುದೂ ಸಲ್ಲದು. ಅವರ ಬಳಿ ಹಾಡು, ಕಥೆ, ವಿಧಿಯ ಅರ್ಥಗಳಿವೆ; ಹಬ್ಬಕ್ಕೆ ವಾರ ಮೊದಲೇ ಮನೆಮಂದಿಯೆಲ್ಲ ಕೂತು ಏನನ್ನು ಉಳಿಸಬೇಕು, ಯಾವುದನ್ನು ಯಾರು ಮಾಡಬೇಕು ಎಂದು ಮಾತಾಡಿದರೆ ಅವು ಮುಂದಿನವರಿಗೆ ದಾಟುತ್ತವೆ. ಒಬ್ಬಳ ದಣಿವಿನ ಮೇಲೆ, ಮತ್ತೊಬ್ಬಳ ಅವಮಾನದ ಮೇಲೆ ನಿಂತ ಆಚರಣೆಯನ್ನು ಮುಂದಿನ ತಲೆಮಾರು ಹೊತ್ತು ನಡೆಯುವುದಿಲ್ಲ. ಹೊಣೆಯನ್ನೂ ಹಕ್ಕನ್ನೂ ಹಂಚಿಕೊಂಡ ಮನೆಯಲ್ಲಿ ಮಾತ್ರ ಹಬ್ಬ ಎಲ್ಲರದಾಗುತ್ತದೆ, ಎಲ್ಲರದಾದಾಗಲೇ ಅದು ಉಳಿಯುತ್ತದೆ.